ಮನೆಯ ಮೂಲೆಯಲ್ಲೊಂದು ಕಹಳೆ



ಗದಗಿನ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲಸಿದ್ದ ಭೀಮಸೇನ ಜೋಶಿಯವರ ಹಾಡಿಕೆಯನ್ನು ನಮ್ಮ ಮಕ್ಕಳು ಅಂಗೈಯಗಲದ ಫೋನಿನಲ್ಲಿ ಕೇಳುತ್ತಾರೆ. ತಾನುಗಳೇನೋ ಕೇಳುತ್ತವೆ; ತಂಬೂರಿಯ ಖರಜದ ತುಂಬು ನಾದ ಕೇಳುವುದಿಲ್ಲ. ಪುರುಷ ಗಾಯಕರ ತಂಬೂರಿಯಲ್ಲಿ ಆ ತಂತಿ ಸೆಕೆಂಡಿಗೆ 70ರ ಆಸುಪಾಸು ಕಂಪಿಸುತ್ತದೆ. ಒಂದೇ ಸ್ಪೀಕರಿನಿಂದ ಅದನ್ನು ಪಡೆಯುವ ಉಪಾಯ ಕಹಳೆ. ಸ್ಪೀಕರಿನ ಮುಂದಿನ ದನಿ ನೇರವಾಗಿ ಕಿವಿಗೆ ಬರಲಿ. ಹಿಂದಿನದನ್ನು ಹಲಗೆಯ ಕಹಳೆಯಲ್ಲಿ ಹಾಯಿಸಿದರೆ ಮಂದ್ರ ಬಲಿಯುತ್ತದೆ. ನಾಲ್ಕೈದು ವ್ಯಾಟಿನ ಆಂಪ್ಲಿಫೈಯರು ಸಾಕು.

60 ಕಂಪನದವರೆಗೆ ಇಳಿಯಬೇಕಾದರೆ ಬಯಲಿನಲ್ಲಿ ಕಹಳೆಯ ಬಾಯಿ 6 ಅಡಿ ಅಗಲವಿರಬೇಕು. ಬಾಡಿಗೆಯ ಕೋಣೆಯಲ್ಲಿ ಅದನ್ನಿಟ್ಟರೆ ನಾವು ಓಣಿಯಲ್ಲಿ ಮಲಗಬೇಕಾದೀತು! ಆದರೆ ನೆಲವೂ ಎರಡು ಗೋಡೆಗಳೂ ಕೂಡುವ ಮೂಲೆಯಲ್ಲಿ ಆ ವಿಸ್ತೀರ್ಣದ ಎಂಟನೆಯ ಒಂದಂಶ, ಸುಮಾರು ಮೂರೂವರೆ ಚದರಡಿ, ಸಾಕು. ಉಳಿದ ಕಹಳೆಯ ಕೆಲಸವನ್ನು ಗೋಡೆಗಳೇ ಮಾಡುತ್ತವೆ. ಇಂಗ್ಲೆಂಡಿನಲ್ಲಿ ಪಾಲ್ ವಾಯ್ಟ್ 1930ರ ದಶಕದಲ್ಲೇ ಮನೆಗೆಂದು ಮೂಲೆಯ ಕಹಳೆಯನ್ನು ರಚಿಸಿದ್ದರು.

ಲೆಕ್ಕ ಸುಲಭ. ಕೊರಳು 8 ಚದರಂಗುಲ. ಅಡಿಗೊಮ್ಮೆ ಒಳವಿಸ್ತೀರ್ಣ ಇಮ್ಮಡಿಯಾದರೆ 6 ಅಡಿಯಲ್ಲಿ 512 ಚದರಂಗುಲದ ಬಾಯಿ ದೊರೆಯುತ್ತದೆ. ಇದನ್ನು ಪೆಟ್ಟಿಗೆಯೊಳಗೆ ಮಡಿಸಬಹುದು. ಪ್ಲೈವುಡ್ ಮುಕ್ಕಾಲಂಗುಲದ್ದಿರಲಿ, ತೆಳು ಹಲಗೆ ತಾನೇ ನಡುಗಿ ದನಿ ಕೆಡಿಸೀತು. ಸಂದುಗಳಲ್ಲಿ ಗಾಳಿ ಸೋರಬಾರದು. ಬಾಯಿ ನೆಲದ ಬಳಿ ಮೂಲೆಯಲ್ಲಿ ತೆರೆಯಲಿ, ಸ್ಪೀಕರು ಕುಳಿತವರ ಕಿವಿಯೆತ್ತರಕ್ಕಿರಲಿ.

ಆದ್ದರಿಂದ ಹಲಗೆ ಕೊಳ್ಳುವ ಮೊದಲು ಮೂಲೆಯನ್ನು ಹುಡುಕಿರಿ. ಬಾಗಿಲ ಬದಿಯದು ಬೇಡ. ಅಲ್ಲಿ ಟ್ರಂಕಿದ್ದರೆ ಸರಿಸಿರಿ. ಗೋಡೆಯಾಚೆ ನೆರೆಯವರು ಮಲಗುವುದಾದರೆ ಅವರನ್ನೂ ಒಂದು ಮಾತು ಕೇಳಿರಿ.