ಕೌದಿಯ ಪದರ ಜರುಗದಿರಲು



ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಹೊಲಿಯುವಾಗ ಒಳಪದರ ಜರುಗಿದರೆ ಅಲ್ಲಲ್ಲಿ ಸುಕ್ಕು ಬಿದ್ದು, ಒಗೆದಾಗ ಕೌದಿ ಮುದ್ದೆಯಾಗುತ್ತದೆ. ಹಲವು ದಿನಗಳ ಶ್ರಮ ವ್ಯರ್ಥವಾಗುತ್ತದೆ.

ಪದರಗಳನ್ನು ಹಿಡಿದಿಡಲು ಡಬ್ಬಿಯಿಂದ ಸಿಂಪಡಿಸುವ ತಾತ್ಕಾಲಿಕ ಅಂಟು ಈಗ ದೊರೆಯುತ್ತದೆ. ಬಟ್ಟೆಗಳನ್ನು ಮೊದಲು ಒಗೆದು, ಚೆನ್ನಾಗಿ ಒಣಗಿಸಿ, ಸುಕ್ಕು ತೆಗೆಯಬೇಕು. ಅಡಿಯ ಬಟ್ಟೆಯನ್ನು ಸಮನಾಗಿ ಹಾಸಿ, ಸುಮಾರು 25 ಸೆಂ.ಮೀ. ಎತ್ತರದಿಂದ ಅಂಟನ್ನು ತೆಳುವಾಗಿ ಸಿಂಪಡಿಸಬೇಕು. ಮೇಲಿನ ಪದರವನ್ನಿಟ್ಟು ನಡುವಿನಿಂದ ಅಂಚಿನತ್ತ ಅಂಗೈಯಿಂದ ಸವರಬೇಕು. ಓರೆಯಾದರೆ ಎತ್ತಿ ಮತ್ತೆ ಕೂಡಿಸಬಹುದು. ಅಂಟು ಹೆಚ್ಚಾದರೆ ಸೂಜಿಗೆ ಮೆತ್ತಿಕೊಳ್ಳುತ್ತದೆ. ಹೊಲಿಗೆ ಮುಗಿದ ಮೇಲೆ ಕೌದಿಯನ್ನು ಒಮ್ಮೆ ಒಗೆಯಬೇಕು.

ಒಂದು ಎಚ್ಚರಿಕೆ ಮುಖ್ಯ. ಇಂಥ ಹೆಚ್ಚಿನ ಡಬ್ಬಿಗಳಲ್ಲಿ ಬೇಗ ಬೆಂಕಿ ಹತ್ತುವ ಅನಿಲವಿರುತ್ತದೆ. ಒಲೆ, ದೀಪ, ಬೀಡಿಗಳ ಬಳಿ ಸಿಂಪಡಿಸಲೇಬಾರದು. ಗಾಳಿಯಾಡುವ ಪಡಸಾಲೆಯಲ್ಲಿ, ಮಕ್ಕಳನ್ನು ದೂರವಿರಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಈ ಕೆಲಸ ಮಾಡಬೇಕು. ಡಬ್ಬಿಯನ್ನು ಬಿಸಿಲಿನಲ್ಲಿ ಇಡಬಾರದು. ಖಾಲಿಯಾದ ಮೇಲೂ ಅದನ್ನು ಚುಚ್ಚಬಾರದು, ಬೆಂಕಿಗೆ ಎಸೆಯಬಾರದು.

ಅಂಟು ಸಿಗದಿದ್ದರೆ ಚಿಂತೆ ಬೇಡ. ನಡುವಿನಿಂದ ಹೊರಕ್ಕೆ ಗೇಣಿಗೊಂದು ಸಾಲಿನಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದರೂ ಪದರಗಳು ಜರುಗುವುದಿಲ್ಲ. ಇದಕ್ಕೆ ಬೇಕಾದುದು ನೂಲು ಮತ್ತು ಒಂದಿಷ್ಟು ಸಮಯ ಮಾತ್ರ. ಯಾವ ಕ್ರಮ ಅನುಸರಿಸಿದರೂ ಕೌದಿ ಬಾಳಿಕೆ ಬರುವುದು ಒತ್ತಾಗಿ ಹಾಕಿದ ಹೊಲಿಗೆಯಿಂದಲೇ. ಅಂಟು ಅದಕ್ಕೆ ಬದಲಿಯಲ್ಲ.