ಮನೆಯೇ ದೇಶ ಬಿಡಿಸಿದಾಗ

(ಮಹಿಳಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಯುರೋಪಿಗೆ ವಲಸೆ ಹೋಗುವವರ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ತುಂಬಿ ತುಳುಕುವ ದೋಣಿ, ಮುಳ್ಳುತಂತಿಯ ಬೇಲಿ, ಹೆಗಲ ಮೇಲೊಂದು ಮಗು. ಇವರೆಲ್ಲ ಏಕೆ ಹೋಗುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಯುದ್ಧ, ಇಲ್ಲವೆ ಹಣ. ಎರಡೂ ಸುಳ್ಳಲ್ಲ. 2011ರಲ್ಲಿ ಸಿರಿಯಾದಲ್ಲಿ ಆರಂಭವಾದ ಸಂಘರ್ಷ ಒಂದು ಕೋಟಿಗೂ ಹೆಚ್ಚು ಜನರಿಗೆ ಮನೆ ಬಿಡಿಸಿತು. 2015ರ ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಯುರೋಪ್ ಸೇರಿದರು. ಕೂಲಿಗಾಗಿ, ಓದಿಗಾಗಿ ಹೋಗುವವರೂ ಇದ್ದಾರೆ. ಆದರೆ ಈ ಎರಡು ಉತ್ತರಗಳ ನಡುವೆ ಮೂರನೆಯ ಕಾರಣವೊಂದು ಮರೆಯಾಗಿದೆ. ಅದು ನಾವು ಇಷ್ಟು ವರ್ಷ ಮಾತಾಡುತ್ತ ಬಂದಿರುವ ವಿಷಯವೇ. ಮನೆಯೊಳಗಿನ ಹಿಂಸೆ.

ಇದು ಏಕೆ ಮರೆಯಾಯಿತು? ನಿರಾಶ್ರಿತರ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದ ಆದದ್ದು 1951ರಲ್ಲಿ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಯಾವುದೋ ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ಈ ಐದು ಕಾರಣಗಳಿಂದ ಕಿರುಕುಳಕ್ಕೆ ಒಳಗಾಗುವ ಭಯವಿದ್ದರೆ ಆಶ್ರಯ ಸಿಗಬೇಕು ಎನ್ನುತ್ತದೆ ಆ ಒಪ್ಪಂದ. ಹೆಣ್ಣು ಎಂಬ ಕಾರಣಕ್ಕೆ ಅನುಭವಿಸುವ ಹಿಂಸೆ ಆ ಪಟ್ಟಿಯಲ್ಲಿಲ್ಲ. ಸರ್ಕಾರದ ವಿರುದ್ಧ ಮಾತಾಡಿ ಜೈಲು ಸೇರಿದವನು ನಿರಾಶ್ರಿತ. ಗಂಡನಿಂದಲೋ ಅಣ್ಣತಮ್ಮಂದಿರಿಂದಲೋ ಜೀವ ಉಳಿಸಿಕೊಂಡು ಓಡಿ ಬಂದವಳಿಗೆ ಮಾತ್ರ 'ಇದು ನಿಮ್ಮ ಸಂಸಾರದ ವಿಷಯ' ಎಂಬ ಉತ್ತರ.

ಈ ಮಾತನ್ನು ನಾವು ಎಲ್ಲಿ ಕೇಳಿಲ್ಲ? ನಮ್ಮ ಠಾಣೆಗಳಲ್ಲಿ, ಊರ ಪಂಚಾಯಿತಿಗಳಲ್ಲಿ, ತವರುಮನೆಯ ಜಗಲಿಯ ಮೇಲೆ ಕೇಳಿದ್ದೇವೆ. ಗಂಡನ ಮನೆಯ ಕ್ರೌರ್ಯ ಅಪರಾಧವೆಂದು 1983ರಲ್ಲಿ 498-ಎ ಕಲಮು ಬರಬೇಕಾದರೆ ಇಲ್ಲಿಯ ಮಹಿಳೆಯರು ಬೀದಿಗಿಳಿಯಬೇಕಾಯಿತು. ಇಂದು ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಯುರೋಪಿನಲ್ಲಿ ಆಶ್ರಯ ಕೇಳಿದ ಹೆಂಗಸರೂ ಇದೇ ಗೋಡೆಯನ್ನು ಒಡೆಯಬೇಕಾಗಿ ಬಂತು.

1999ರ ಮಾರ್ಚಿಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಇಬ್ಬರು ಪಾಕಿಸ್ತಾನಿ ಮಹಿಳೆಯರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಗಂಡಂದಿರ ಕಾರಣದಿಂದ ಇವರು ಮನೆ ಬಿಡಬೇಕಾಗಿತ್ತು, ವ್ಯಭಿಚಾರದ ಸುಳ್ಳು ಆರೋಪದ ಅಪಾಯವೂ ಇತ್ತು. ಹಿಂದಿರುಗಿದರೆ ಹಿಂಸೆ, ಶಿಕ್ಷೆ ಕಾದಿತ್ತು. ಹೊಡೆಯುವವನು ಗಂಡ, ಸರ್ಕಾರ ಅಲ್ಲವಲ್ಲ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಹಿಂಸೆ ಒಂದು, ಹೆಣ್ಣೆಂಬ ಕಾರಣಕ್ಕೆ ಆಕೆಗೆ ರಕ್ಷಣೆ ಕೊಡದ ಪ್ರಭುತ್ವ ಇನ್ನೊಂದು. ಎರಡೂ ಸೇರಿದಾಗ ಅದು ಒಪ್ಪಂದ ಹೇಳುವ ಕಿರುಕುಳವೇ ಎಂದು ನ್ಯಾಯಮೂರ್ತಿಗಳು ಒಪ್ಪಿದರು. ಪಾಕಿಸ್ತಾನದ ಮಹಿಳೆಯರು ಒಂದು 'ಸಾಮಾಜಿಕ ಗುಂಪು' ಎಂದೂ ಹೇಳಿದರು. ಇದು ಸಣ್ಣ ಮಾತಲ್ಲ. ಗಂಡನ ಕೈಯೇಟಿಗೆ ಪೊಲೀಸರ ಮೌನವೂ ಹೊಣೆ ಎಂದು ಕಾನೂನು ಒಪ್ಪಿದಂತಾಯಿತು.

ಪಕ್ಕದ ಊರಿಗೋ ಪಕ್ಕದ ದೇಶಕ್ಕೋ ಹೋಗಬಾರದೆ, ಯುರೋಪೇ ಏಕೆ ಎಂದು ಕೇಳುವವರಿದ್ದಾರೆ. ನಿಜವೆಂದರೆ ನಿರಾಶ್ರಿತರಲ್ಲಿ ಹೆಚ್ಚಿನವರು ನೆರೆಯ ದೇಶಗಳಲ್ಲಿಯೇ ಇದ್ದಾರೆ. ಆದರೆ ಅಲ್ಲಿ ನೆಲೆ ನಿಲ್ಲುವುದು ಸುಲಭವಲ್ಲ. ಟರ್ಕಿ 1951ರ ಒಪ್ಪಂದಕ್ಕೆ ಸೇರಿದ್ದರೂ ಯುರೋಪಿನಿಂದ ಬಂದವರಿಗೆ ಮಾತ್ರ ಪೂರ್ಣ ನಿರಾಶ್ರಿತ ಸ್ಥಾನ ಕೊಡುತ್ತದೆ. ಪಾಕಿಸ್ತಾನ ಆ ಒಪ್ಪಂದಕ್ಕೆ ಸೇರಿಯೇ ಇಲ್ಲ. 2023ರ ಕೊನೆಯಿಂದ ಅದು ಲಕ್ಷಾಂತರ ಅಫ್ಘನ್ನರನ್ನು ವಾಪಸು ಕಳಿಸಿದೆ. ಹುಡುಕಿಕೊಂಡು ಬರುವ ನಂಟರಿಗೆ ಪಕ್ಕದ ಊರು ದೂರವಲ್ಲ. ದುಡಿಯುವ ಹಕ್ಕು, ಮಕ್ಕಳಿಗೆ ಶಾಲೆ, ಕೈಯಲ್ಲೊಂದು ಕಾಗದ, ಬಾಗಿಲು ತಟ್ಟಿದರೆ ತೆರೆಯುವ ನ್ಯಾಯಾಲಯ, ಇವು ಸಿಕ್ಕಾವೆಂಬ ಆಸೆಯಿಂದ ಹೆಣ್ಣು ದೂರ ಹೋಗುತ್ತಾಳೆ. ಮೊದಲೇ ಹೋಗಿ ನೆಲೆಸಿದ ಅಕ್ಕನೋ ಚಿಕ್ಕಮ್ಮನೋ ಇದ್ದರೆ ಅದೂ ಒಂದು ಕಾರಣ.

2011ರಲ್ಲಿ ಇಸ್ತಾಂಬುಲ್ ನಗರದಲ್ಲಿ ಯುರೋಪಿನ ದೇಶಗಳು ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಒಪ್ಪಂದ ಮಾಡಿಕೊಂಡವು. ಇಂಥ ಹಿಂಸೆ ಆಶ್ರಯ ಕೊಡಲು ಕಾರಣವಾಗಬಹುದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮೊದಲು ಅದನ್ನು ಅನುಮೋದಿಸಿದ ಟರ್ಕಿಯೇ 2021ರ ಜುಲೈಯಲ್ಲಿ ಹೊರಬಂತು. 2024ರ ಜನವರಿಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ಮುಂದೆ ಇದ್ದದ್ದು ಟರ್ಕಿಯಿಂದ ಬಲ್ಗೇರಿಯಕ್ಕೆ ಬಂದ ಕುರ್ದ್ ಮಹಿಳೆಯೊಬ್ಬಳ ಪ್ರಕರಣ. ಬಲವಂತದ ಮದುವೆ, ಗಂಡನ ಹೊಡೆತ, ಕೊನೆಗೆ ವಿಚ್ಛೇದನ. ಹಿಂದಿರುಗಿದರೆ ಮನೆಯವರೇ ಕೊಲ್ಲುತ್ತಾರೆಂಬ ಭಯ. ಒಂದು ದೇಶದ ಮಹಿಳೆಯರೆಲ್ಲರೂ 'ಸಾಮಾಜಿಕ ಗುಂಪು' ಆಗಬಹುದು, ಕೌಟುಂಬಿಕ ಹಿಂಸೆಗೂ ನಿರಾಶ್ರಿತ ಸ್ಥಾನ ಸಿಗಬಹುದು ಎಂದಿತು ನ್ಯಾಯಾಲಯ. ಅದೇ ವರ್ಷದ ಅಕ್ಟೋಬರಿನಲ್ಲಿ, ತಾಲಿಬಾನ್ ಆಡಳಿತದ ಅಫ್ಘಾನಿಸ್ತಾನದ ವಿಷಯದಲ್ಲಿ ಇನ್ನೂ ಮುಂದೆ ಹೋಯಿತು. ಅರ್ಜಿದಾರಳು ಹೆಣ್ಣು, ಅಫ್ಘನ್ ಪ್ರಜೆ, ಇಷ್ಟನ್ನು ನೋಡಿದರೆ ಸಾಕು ಎಂದಿತು.

ಆದರೆ ತೀರ್ಪು ಓದಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅರ್ಜಿ ಹಾಕಲು ಮೊದಲು ಅಲ್ಲಿಗೆ ತಲುಪಬೇಕು. ದಾರಿಗೆ ಹಣ ಬೇಕು, ಅದು ಹೆಣ್ಣಿನ ಕೈಯಲ್ಲಿರುವುದಿಲ್ಲ. ದಳ್ಳಾಳಿಗಳು, ಗಡಿಯ ಕಾವಲುಗಾರರು, ಜೊತೆಯ ಪ್ರಯಾಣಿಕರು, ಯಾರಿಂದ ಬೇಕಾದರೂ ಅತ್ಯಾಚಾರದ ಭಯ. ಅಧಿಕಾರಿಯ ಮುಂದೆ ಕುಳಿತಾಗ ಗಂಡಸು ದುಭಾಷಿಯ ಎದುರು ನಡೆದದ್ದನ್ನೆಲ್ಲ ಬಾಯಿ ಬಿಟ್ಟು ಹೇಳಬೇಕು. ಹೇಳಲಾಗದವಳ ಅರ್ಜಿ ಬಿದ್ದುಹೋಗುತ್ತದೆ.

ಇನ್ನೊಂದು ದಾರಿ ನಮಗೆ ಹತ್ತಿರದ್ದು. ಮದುವೆಯಾಗಿ ಹೋಗುವುದು. ವಿದೇಶದ ವರ ಎಂದರೆ ನಮ್ಮಲ್ಲಿ ವರದಕ್ಷಿಣೆಯ ದರವೂ ಏರುತ್ತದೆ. ಹಾಗೆ ಬ್ರಿಟನ್ನಿಗೆ ಹೋದ ಹೆಂಡತಿ ಮೊದಲ ಒಂದು ವರ್ಷ ಗಂಡನೊಂದಿಗೇ ಇರಬೇಕೆಂಬ ನಿಯಮ ಬಹಳ ಕಾಲ ಇತ್ತು. ಹೊಡೆತ ತಾಳದೆ ಹೊರಬಂದರೆ ಗಡೀಪಾರು. ಸರ್ಕಾರದ ನೆರವಿನ ಹಕ್ಕಿಲ್ಲದ್ದರಿಂದ ಆಶ್ರಯಧಾಮದಲ್ಲೂ ಜಾಗ ಸಿಗುವುದು ಕಷ್ಟ. ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿತು. 1999ರಲ್ಲಿ ಸರ್ಕಾರ ಬಗ್ಗಿತು. ಹಿಂಸೆಯನ್ನು ಸಾಬೀತುಪಡಿಸಿದವಳು ಅಲ್ಲಿಯೇ ನೆಲೆಸಬಹುದು ಎಂಬ ವಿನಾಯಿತಿ ಬಂತು. 2002ರಲ್ಲಿ ಅದು ವಲಸೆ ನಿಯಮಗಳಿಗೇ ಸೇರಿತು. ಆದರೆ ಕಾಯುವ ಅವಧಿ ಮುಂದೆ ಎರಡು ವರ್ಷಕ್ಕೆ, 2012ರಲ್ಲಿ ಐದು ವರ್ಷಕ್ಕೆ ಏರಿತು.

ಗೆಳತಿಯರೆ, ಇದರಿಂದ ನಮಗೆ ಎರಡು ಮಾತು ತಿಳಿಯಬೇಕು. ಮಗಳನ್ನು ಹೊರದೇಶಕ್ಕೆ ಕೊಡುವ ತಾಯಂದಿರು ಚಿನ್ನದ ತೂಕಕ್ಕಿಂತ ಮೊದಲು ವೀಸಾದ ಷರತ್ತು ಕೇಳಿ ತಿಳಿಯಲಿ. ಪಾಸ್‌ಪೋರ್ಟು ಅತ್ತೆಯ ಬೀರುವಿನಲ್ಲಿ ಅಲ್ಲ, ಮಗಳ ಕೈಯಲ್ಲಿರಲಿ. ಸಹಾಯ ಕೊಡುವ ಸಂಘಟನೆಯ ವಿಳಾಸ ಅವಳಿಗೆ ಗೊತ್ತಿರಲಿ.

ಎರಡನೆಯದು, ಇನ್ನು ಮೇಲೆ ವಲಸಿಗರ ಚಿತ್ರ ನೋಡಿದಾಗ 'ಸುಖ ಹುಡುಕಿಕೊಂಡು ಹೊರಟವರು' ಎಂದು ಸುಲಭವಾಗಿ ಹೇಳದಿರೋಣ. ಯಾವ ಹೆಣ್ಣೂ ತನ್ನ ಭಾಷೆ, ತಾಯಿ, ಅಂಗಳ ಬಿಟ್ಟು ಸುಮ್ಮನೆ ಸಮುದ್ರಕ್ಕಿಳಿಯುವುದಿಲ್ಲ. 'ಹೊಂದಿಕೊಂಡು ಹೋಗಮ್ಮ' ಎಂದು ಆಕೆಯನ್ನು ಹಿಂದಕ್ಕೆ ಕಳಿಸಿದ ಬಾಗಿಲುಗಳು ಎಷ್ಟು ಎಂದು ಮೊದಲು ಎಣಿಸಬೇಕು. ನಮ್ಮ ಊರಿನಲ್ಲಿ ಅಂಥ ಬಾಗಿಲು ಒಂದನ್ನಾದರೂ ತೆರೆಸುವುದು ನಮ್ಮ ಕೈಯಲ್ಲಿರುವ ಕೆಲಸ.