ಅಳತೆ ಒಂದೇ ಕಡೆ ಇರಲಿ

ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ಊರಲ್ಲಿ ಅಪ್ಪ ಬಡಗಿ. ಡ್ಯೂಟಿ ಮುಗಿಸಿ ರೂಮಲ್ಲಿ ಫ್ರೀಕ್ಯಾಡ್ ಕಲಿತು, ಅವರಿಗೊಂದು ಬೆಂಚಿನ ನಕ್ಷೆ ಕಳಿಸಿದೆ. ಅಡ್ಡಪಟ್ಟಿಯ ಟೆನನ್ ಅಂದ್ರೆ ನಾಲಿಗೆ, ಕಾಲಿನ ಮಾರ್ಟಿಸ್ ಅಂದ್ರೆ ಅದು ಕೂರುವ ಕುಳಿ. ಎರಡನ್ನೂ ಬೇರೆಬೇರೆ ಬರೆದಿದ್ದೆ. ಪಟ್ಟಿ 36ರ ಬದಲು 30 ಮಿ.ಮೀ. ದಪ್ಪದ್ದು ಸಿಕ್ಕಿತು ಅಂತ, ಮೂರನೇ ಒಂದು ಭಾಗದ ಲೆಕ್ಕದಲ್ಲಿ ನಾಲಿಗೆಯನ್ನು 12ರಿಂದ 10ಕ್ಕೆ ಇಳಿಸಿದೆ. ಕುಳಿ 12ರಲ್ಲೇ ಉಳೀತು.

ಅಪ್ಪ ನನ್ನ ನಕ್ಷೆ ನಂಬಿ ನಾಲ್ಕೂ ಕಾಲು ತೋಡಿದ್ದರು. ಬೈಯಲಿಲ್ಲ, “ಒಂದರ ಅಳತೇನ ಇನ್ನೊಂದರಿಂದ್ಲೇ ತಗೋಬೇಕಪ್ಪ” ಅಂದ್ರು.

ಈಗ ದಪ್ಪವನ್ನು ಸ್ಪ್ರೆಡ್‌ಶೀಟಿನ ಒಂದೇ ಮನೆಯಲ್ಲಿ ಬರೀತೀನಿ. ನಾಲಿಗೆ, ಕುಳಿ ಎರಡೂ ಅದನ್ನೇ ನೋಡ್ತವೆ. ಕುಳಿಯ ಆಳ ಮಾತ್ರ ಅಂಟಿಗಾಗಿ 2 ಮಿ.ಮೀ. ಹೆಚ್ಚು. ಮುಂದಿನ ರಜೇಲಿ ಬೆಂಚನ್ನು ಇಬ್ಬರೂ ಸೇರಿ ಮಾಡ್ತೀವಿ.